ನಿಮ್ಮ ಕಾರಿನ ಮೇಲೆ ಯಾರ ಕಣ್ಣಿದೆ? ಮೊದಲು ಅದನ್ನು ತಿಳಿದುಕೊಳ್ಳಿ

ಕಾರು ಹ್ಯಾಕ್ ಆಗುತ್ತಾ ಅಂತ ಕೇಳುವವರಿಗೆ ನಾನು ವಾಪಸ್ ಕೇಳುವುದು ಒಂದೇ. ಯಾರು ಮಾಡಬೇಕು, ಯಾಕೆ ಮಾಡಬೇಕು? ಕಳ್ಳನಿಗೆ ಬೇಕಾದದ್ದು ಬೇರೆ, ನಿಮ್ಮ ಓಡಾಟದ ಮೇಲೆ ಕಣ್ಣಿಡುವವರಿಗೆ ಬೇಕಾದದ್ದು ಬೇರೆ. ಒಬ್ಬನನ್ನು ತಡೆಯುವ ಬೀಗ ಇನ್ನೊಬ್ಬನಿಗೆ ಲೆಕ್ಕಕ್ಕೇ ಇಲ್ಲ.

ಮೊದಲು ಕಳ್ಳ. ಕೀ ಜೇಬಲ್ಲಿದ್ದರೆ ಸಾಕು, ತಾನಾಗೇ ತೆರೆಯುವ ಕಾರು ನಿಮ್ಮದಾದರೆ ಕದಿಯಲು ಇಬ್ಬರು ಸಾಕು: ಒಬ್ಬ ಮನೆ ಬಾಗಿಲ ಹತ್ತಿರ ಆಂಟೆನಾ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಪಕ್ಕ, ಒಳಗೆ ಮೇಜಿನ ಮೇಲಿರುವ ಕೀಯ ಸಿಗ್ನಲ್ ಇವರಿಬ್ಬರ ಮೂಲಕ ಹಾದು ಬಂದು ಕೀ ಇಲ್ಲೇ ಇದೆ ಅಂತ ಕಾರು ನಂಬಿಬಿಡುತ್ತದೆ. ಸಿಗ್ನಲ್ ತಡೆಯುವ ಪೌಚ್‌ನಲ್ಲಿ ಕೀ ಇಡಿ, ಸ್ಪೇರ್ ಕೀಯನ್ನೂ ಇಡಿ. ಆಮೇಲೆ ಪೌಚ್ ಹಿಡಿದು ಕಾರಿನ ಪಕ್ಕ ನಿಂತು ಹ್ಯಾಂಡಲ್ ಎಳೆದು ನೋಡಿ. ಬಾಗಿಲು ತೆರೆದರೆ ಆ ಪೌಚ್ ಬಿಸಾಕಿ.

ಪೌಚ್‌ಗೂ ಬಗ್ಗದ ಕಳ್ಳರಿದ್ದಾರೆ. ಹೆಡ್‌ಲೈಟ್ ಹಿಂದಿನ ವೈರ್‌ಗೆ ಒಂದು ಸಣ್ಣ ಸಾಧನ ಸಿಕ್ಕಿಸಿ, ಕೀ ಸರಿಯಿದೆ ಅನ್ನುವ ಸುಳ್ಳು ಸಂದೇಶ ಕಳಿಸುತ್ತಾರೆ. ಕಾರಿನೊಳಗಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ಅನ್ನುವ ಜಾಲ ಬಾಷ್ ಕಂಪನಿ 1980ರ ದಶಕದಲ್ಲಿ ರೂಪಿಸಿದ್ದು, ಸಂದೇಶ ಕಳಿಸಿದ್ದು ಯಾರು ಅಂತ ಅದು ಕೇಳುವುದೇ ಇಲ್ಲ. 2023ರಲ್ಲಿ ಕಾರು ಭದ್ರತೆಯ ತಜ್ಞರಾದ ಕೆನ್ ಟಿಂಡೆಲ್ ಮತ್ತು ಇಯಾನ್ ಟೇಬರ್ ಈ ಕಳ್ಳತನದ ಗುಟ್ಟು ಬಿಡಿಸಿ ತೋರಿಸಿದರು. ಟೇಬರ್ ಅವರ ಸ್ವಂತ ಟೊಯೋಟಾ ಕಾರೇ ಹೀಗೆ ಕಳುವಾಗಿತ್ತು. ಇಂಥವರಿಗೆ ಹಳೇ ಕಾಲದ ಕಬ್ಬಿಣದ ಸ್ಟೇರಿಂಗ್ ಲಾಕ್ ಹಾಕಿ. ಅದನ್ನು ಕತ್ತರಿಸಲು ಹೊತ್ತು ಬೇಕು, ಸದ್ದೂ ಆಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಕೊಡುವುದು ಪರಿಚಯದವರು. ಕಾರಿನ ಆ್ಯಪ್‌ನಲ್ಲಿ ನಿಮ್ಮ ಲೊಕೇಶನ್ ಕಾಣುತ್ತದೆ, ಬಾಗಿಲೂ ತೆರೆಯುತ್ತದೆ ಅಲ್ವಾ? ಬಿಟ್ಟುಹೋದ ಸಂಗಾತಿಯ ಫೋನಿನಲ್ಲಿ ಅದು ಇನ್ನೂ ಲಾಗಿನ್ ಆಗಿರಬಹುದು. ಆ್ಯಪ್‌ನಲ್ಲಿ ಯಾರ್‍ಯಾರ ಹೆಸರಿದೆ ನೋಡಿ, ಬೇಡದವರನ್ನು ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ. ಆದರೆ ಆ ವ್ಯಕ್ತಿಯಿಂದ ಹೊಡೆತ ಬಡಿತದ ಭಯ ಇದ್ದರೆ ಅವಸರ ಬೇಡ. ತೆಗೆದ ಕೂಡಲೇ ಅವರಿಗೆ ಗೊತ್ತಾಗಬಹುದು, ಅದಕ್ಕೇ ಮೊದಲು ನಂಬಿಕಸ್ಥರ ಸಹಾಯ ಪಡೆದು ಸುರಕ್ಷಿತವಾದ ಜಾಗಕ್ಕೆ ಹೋಗಿ, ಆಮೇಲೆ ಆ್ಯಪ್ ಮುಟ್ಟಿ.

ಒಳಗಿನವರೂ ಇದ್ದಾರೆ. 2010ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ, ಕಾರು ಮಾರುವ ಮಳಿಗೆಯಲ್ಲಿ ಕೆಲಸ ಕಳೆದುಕೊಂಡವನೊಬ್ಬ, ತನ್ನ ಹಳೇ ಸಹೋದ್ಯೋಗಿಯ ಪಾಸ್‌ವರ್ಡ್ ಬಳಸಿ, ಸಾಲ ಕಟ್ಟದವರ ಕಾರು ನಿಲ್ಲಿಸಲೆಂದು ಅಳವಡಿಸಿದ್ದ ಸಾಧನಗಳ ಮೂಲಕ 100ಕ್ಕೂ ಹೆಚ್ಚು ಕಾರುಗಳಿಗೆ ಕಾಟ ಕೊಟ್ಟ. ಕೆಲವು ಸ್ಟಾರ್ಟೇ ಆಗಲಿಲ್ಲ, ಕೆಲವು ಸುಮ್ನೆ ಹಾರ್ನ್ ಹೊಡೆಯುತ್ತಲೇ ಇದ್ದವು. ನಿಮ್ಮ ಕಾರಲ್ಲೂ ಅಂಥ ಸಾಧನ ಇದ್ದರೆ ಸಾಲ ತೀರಿದ ದಿನವೇ ತೆಗೆಸಿ.

ಸಂಶೋಧಕರನ್ನು ಮಾತ್ರ ಶತ್ರುಗಳ ಸಾಲಿಗೆ ಸೇರಿಸಬೇಡಿ. 2015ರಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಲಾಸೆಕ್ ದೂರದಲ್ಲಿ ಕೂತೇ ಓಡುತ್ತಿದ್ದ ಜೀಪ್ ಚೆರೋಕಿಯನ್ನು ಹೆದ್ದಾರಿಯಲ್ಲಿ ನಿಧಾನವಾಗಿಸಿದರು. ಅದರಿಂದಲೇ ಕಂಪನಿ 14 ಲಕ್ಷ ವಾಹನಗಳನ್ನು ರೀಕಾಲ್ ಮಾಡಿ ದೋಷ ಸರಿಪಡಿಸಿತು. ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ನಿಮ್ಮ ಕಾರಿಗೆ ರೀಕಾಲ್ ಇದೆಯಾ ಅಂತ ಕಂಪನಿಯ ವೆಬ್‌ಸೈಟ್‌ನಲ್ಲಿ ಚಾಸಿಸ್ ನಂಬರ್ ಹಾಕಿ ಆಗಾಗ ನೋಡಿ.

ಸರ್ಕಾರಿ ಗೂಢಚಾರರು? ದೊಡ್ಡ ಹುದ್ದೆಯಲ್ಲಿರುವವರು, ಪತ್ರಕರ್ತರು ಯೋಚಿಸಬೇಕು. ಉಳಿದವರು ಆ ಗಮನವನ್ನು ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್, ಅಂದರೆ ಮೆಕ್ಯಾನಿಕ್‌ಗಳು ಕಾರಿನ ದೋಷ ಪತ್ತೆಗೆ ಬಳಸುವ ಸಾಕೆಟ್ ಕಡೆ ತಿರುಗಿಸಿ. ಹೆಸರು ಊರು ಇಲ್ಲದ ಅಗ್ಗದ ಡಾಂಗಲ್ (ಪುಟ್ಟ ಸಾಧನ) ಅಲ್ಲಿ ಸಿಕ್ಕಿಸಿದರೆ ಬಾಗಿಲು ತೆರೆದುಕೊಟ್ಟವರು ನೀವೇ. ಬಳಸದಿದ್ದಾಗ ಕಿತ್ತಿಡಿ.

ಕಾರು ಮಾರುವಾಗ ಫೋನಿನ ಕಾಂಟ್ಯಾಕ್ಟ್, ಮನೆ ವಿಳಾಸ ಎಲ್ಲ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿ. ಕೊಳ್ಳುವಾಗ, ಹಳೇ ಮಾಲೀಕರ ಆ್ಯಪ್‌ನಿಂದ ಕಾರು ಮಾಯವಾಗಿದ್ದನ್ನು ಕಣ್ಣಾರೆ ನೋಡಿದ ಮೇಲೇ ಉಳಿದ ದುಡ್ಡು ಕೊಡಿ.