ಒಂದು ಗೇಣು, ಒಂದು ಮೊಳ: ಪೇಸ್‌ಮೇಕರ್ ಇರುವವರ ವಾಚು, ನೆಕ್‌ಬ್ಯಾಂಡು ನಾನು ಪರೀಕ್ಷಿಸುವ ಬಗೆ

ಪೇಸ್‌ಮೇಕರ್ ತಪಾಸಣೆಗೆ ಬರುವವರು ಹೆಚ್ಚಾಗಿ ಕೇಳುವುದು ಬ್ಲೂಟೂತ್ ಬಗ್ಗೆ. ‘ಈ ವಾಚ್‌ನಿಂದ ರೇಡಿಯೇಷನ್ ಬರುತ್ತಂತಲ್ಲ, ಕಟ್ಟಬಹುದಾ?’ ಅನ್ನುತ್ತಾರೆ. ಅದನ್ನು ಕೇಳುವಾಗಲೇ ಕೊರಳಲ್ಲಿ ಹಾಡು ಕೇಳುವ ನೆಕ್‌ಬ್ಯಾಂಡ್ ನೇತಾಡುತ್ತಿರುತ್ತದೆ. ಅದರ ಎರಡು ಬಡ್‌ಗಳು ಮ್ಯಾಗ್ನೆಟ್‌ನಿಂದ ಒಂದಕ್ಕೊಂದು ಕಚ್ಚಿಕೊಂಡು, ಎಡ ಕಾಲರ್ ಬೋನ್‌ನ ಕೆಳಗೆ, ಅಂದರೆ ಪೇಸ್‌ಮೇಕರ್ ಕೂರಿಸಿದ ಜಾಗದ ಮಗ್ಗುಲಲ್ಲೇ ಇರುತ್ತವೆ. ರೇಡಿಯೊ ತರಂಗಕ್ಕೆ ಹೆದರಿ ವಾಚು ಬಿಚ್ಚಿಟ್ಟವರು ಮ್ಯಾಗ್ನೆಟ್ಟನ್ನು ಎದೆಗೇ ಕಟ್ಟಿಕೊಂಡಿರುತ್ತಾರೆ. ಹಾಗಾಗಿ ಯಾವ ಉಪಕರಣ ಕೈಗೆ ಕೊಟ್ಟರೂ ನಾನು ಮೂರು ವಿಷಯ ನೋಡುತ್ತೇನೆ: ಮ್ಯಾಗ್ನೆಟ್ ಎಲ್ಲಿದೆ, ಮೈಯೊಳಗೆ ಕರೆಂಟ್ ಬಿಡುತ್ತದೆಯೇ, ಆಮೇಲೆ ರೇಡಿಯೊ. ನೋಡುವ ಕ್ರಮವೂ ಇದೇ.

ರೇಡಿಯೊ ಕೊನೆಗೆ ಯಾಕೆಂದರೆ, ಅದರ ವಿರುದ್ಧ ರಕ್ಷಣೆ ಪೇಸ್‌ಮೇಕರ್‌ನೊಳಗೇ ಇದೆ. ಟೈಟಾನಿಯಂ ಡಬ್ಬಿಯೊಳಕ್ಕೆ ಲೀಡ್, ಅಂದರೆ ಹೃದಯದವರೆಗಿನ ತಂತಿ, ಹೋಗುವ ಬಾಯಲ್ಲೇ ಸಣ್ಣ ಕೆಪಾಸಿಟರ್ ಫಿಲ್ಟರ್ ಕೂತಿರುತ್ತದೆ. ಲೀಡ್ ಆಂಟೆನಾದಂತೆ ಎಳೆದುಕೊಂಡ ಅಧಿಕ ಆವರ್ತನವನ್ನು ಅದು ಸರ್ಕ್ಯೂಟ್ ಮುಟ್ಟುವ ಮುಂಚೆಯೇ ಡಬ್ಬಿಗೆ ಇಳಿಸಿಬಿಡುತ್ತದೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಕ್ಲಾಸ್ 2 ಬ್ಲೂಟೂತ್‌ನ ಗರಿಷ್ಠ ಶಕ್ತಿ 2.5 ಮಿಲಿವ್ಯಾಟ್. ಹಳೆಯ 2ಜಿ ಫೋನು 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೆ ಮಿಡಿಯುತ್ತಿತ್ತು, 4ಜಿ ಫೋನಿಗೆ ಸುಮಾರು 200 ಮಿಲಿವ್ಯಾಟ್. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಂಥ ಹಳೆಯ ಫೋನುಗಳನ್ನು 980 ಜನರ ಮೇಲೆ ಪರೀಕ್ಷಿಸಿತು. ಪೇಸ್‌ಮೇಕರ್ ಮೇಲೇ ಫೋನ್ ಇಟ್ಟಾಗ ತೊಂದರೆ ಕಂಡಿತು, ಕಿವಿಗೆ ಹಿಡಿದು ಮಾತಾಡಿದಾಗ ವೈದ್ಯರು ಚಿಂತಿಸುವಂಥದ್ದೇನೂ ಕಾಣಲಿಲ್ಲ. ಈಗಿನ ಪೇಸ್‌ಮೇಕರ್‌ಗಳು ಐಎಸ್‌ಒ 14117 ಮಾನದಂಡದಂತೆ 3 ಗಿಗಾಹರ್ಟ್ಸ್‌ವರೆಗೆ ಪರೀಕ್ಷೆಯಾಗಿ ಬರುತ್ತವೆ. ಕೆಲವದರೊಳಗಂತೂ ಬ್ಲೂಟೂತ್ ಚಿಪ್ಪೇ ಇದ್ದು, ಮನೆಯ ಮೊಬೈಲ್ ಮೂಲಕ ಆಸ್ಪತ್ರೆಗೆ ಮಾಹಿತಿ ಕಳಿಸುತ್ತವೆ. ಬ್ಲೂಟೂತ್ ವಿಷಯ ಇಲ್ಲಿಗೆ ಸಾಕು.

ಮ್ಯಾಗ್ನೆಟ್ ಕಥೆ ಬೇರೆ. ಪೇಸ್‌ಮೇಕರ್‌ನೊಳಗೆ ಮ್ಯಾಗ್ನೆಟ್ ಗುರುತಿಸುವ ಸೆನ್ಸರ್ ಬೇಕೆಂದೇ ಇಟ್ಟಿದ್ದಾರೆ. ತುರ್ತಿನಲ್ಲಿ, ಪ್ರೋಗ್ರಾಮರ್ (ಪೇಸ್‌ಮೇಕರ್ ಸೆಟ್ಟಿಂಗ್ ನೋಡಿ ಬದಲಿಸುವ ಯಂತ್ರ) ಇಲ್ಲದ ಕಡೆ, ಉಂಗುರದಾಕಾರದ ಮ್ಯಾಗ್ನೆಟ್ ಎದೆಯ ಮೇಲಿಟ್ಟರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ಗಡಿಯಾರದಂತೆ ಒಂದೇ ವೇಗದಲ್ಲಿ ಮಿಡಿಯಲಿ ಎಂಬುದು ಅದರ ಉದ್ದೇಶ. ಮೆಡ್‌ಟ್ರಾನಿಕ್ ಕಂಪನಿಯ ಪೇಸ್‌ಮೇಕರ್ ಆದರೆ ನಿಮಿಷಕ್ಕೆ 85. ಬ್ಯಾಟರಿ ಬದಲಿಸುವ ಹಂತಕ್ಕೆ ಬಂದಿದ್ದರೆ 65. ಬಾಸ್ಟನ್ ಸೈಂಟಿಫಿಕ್‌ನದು 100ರಿಂದ ಶುರುವಾಗಿ ಬ್ಯಾಟರಿ ಮುಗಿಯುತ್ತ ಬಂದಾಗ 85ಕ್ಕೆ ಇಳಿಯುತ್ತದೆ. ಈ ಸೆನ್ಸರ್ ಎಚ್ಚರಗೊಳ್ಳಲು ಸುಮಾರು 10 ಗಾಸ್, ಅಂದರೆ 1 ಮಿಲಿಟೆಸ್ಲಾ ಸಾಕು.

ಐಸಿಡಿಯಲ್ಲಿ, ಅಂದರೆ ಶಾಕ್ ಕೊಡುವ ಉಪಕರಣದಲ್ಲಿ, ಮ್ಯಾಗ್ನೆಟ್ಟಿನ ಅರ್ಥವೇ ಬೇರೆ. ಪೇಸಿಂಗ್, ಅಂದರೆ ಉಪಕರಣ ಕೊಡುವ ಮಿಡಿತ, ಮೊದಲಿನಂತೆಯೇ ನಡೆಯುತ್ತದೆ, ಆದರೆ ಅಪಾಯಕಾರಿ ವೇಗದ ಬಡಿತವನ್ನು ಗುರುತಿಸಿ ಶಾಕ್ ಕೊಡುವ ಕೆಲಸ ನಿಂತುಬಿಡುತ್ತದೆ. ಮ್ಯಾಗ್ನೆಟ್ ತೆಗೆದ ತಕ್ಷಣ ಮತ್ತೆ ಶುರು. ನಡುವಿನ ಹೊತ್ತಿನಲ್ಲಿ ರೋಗಿಗೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ. ತಲೆ ಸುತ್ತಲ್ಲ, ನೋವಲ್ಲ. ಐಫೋನ್ 12 ಬಂದ ಮೇಲೆ, 2021ರ ಜನವರಿಯಲ್ಲಿ ಅಮೆರಿಕದ ವೈದ್ಯರು ಇದನ್ನೇ ವರದಿ ಮಾಡಿದರು: ಫೋನಿನ ಬೆನ್ನ ಹಿಂದಿನ ಮ್ಯಾಗ್‌ಸೇಫ್ ಮ್ಯಾಗ್ನೆಟ್ ಉಂಗುರವನ್ನು ಎದೆಯ ಮೇಲಿಟ್ಟಾಗ ಐಸಿಡಿ ಕೆಲಸ ನಿಲ್ಲಿಸಿತ್ತು. ಫೋನ್ ಮತ್ತು ಸ್ಮಾರ್ಟ್ ವಾಚನ್ನು ಇಂಪ್ಲಾಂಟ್‌ನಿಂದ 6 ಇಂಚು ದೂರ ಇಡಿ ಎಂದು ಅಲ್ಲಿನ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಆ್ಯಪಲ್ ಕಂಪನಿಯ ಸೂಚನೆ: 6 ಇಂಚಿಗಿಂತ ಹೆಚ್ಚು, ವೈರ್‌ಲೆಸ್ ಚಾರ್ಜಿಂಗ್ ನಡೆಯುತ್ತಿದ್ದರೆ 12 ಇಂಚಿಗಿಂತ ಹೆಚ್ಚು.

ಇಂಚು, ಸೆಂಟಿಮೀಟರ್ ಯಾರ ನೆನಪಲ್ಲೂ ಉಳಿಯುವುದಿಲ್ಲ. ನಾನು ಹೇಳುವುದು ಗೇಣು ಮತ್ತು ಮೊಳ. ಮ್ಯಾಗ್ನೆಟ್ ಇರುವ ಯಾವ ವಸ್ತುವೂ ಪೇಸ್‌ಮೇಕರ್‌ನಿಂದ ಒಂದು ಗೇಣು ದೂರ. ಚಾರ್ಜ್ ಆಗುತ್ತಿರುವ ವೈರ್‌ಲೆಸ್ ಪ್ಯಾಡ್ ಒಂದು ಮೊಳ ದೂರ. ಗೇಣು 6 ಇಂಚಿಗಿಂತ ಉದ್ದ, ಮೊಳ 12 ಇಂಚಿಗಿಂತ ಉದ್ದ. ಅಳತೆ ಕೈಯಲ್ಲೇ ಇರುತ್ತದೆ, ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುತ್ತದೆ.

ತಪಾಸಣೆಗೆ ಬರುವಾಗ ವಾಚು ಒಂದನ್ನೇ ತರಬೇಡಿ. ಅದರ ಪಟ್ಟಿ, ಚಾರ್ಜರ್, ಇಯರ್‌ಬಡ್‌ನ ಡಬ್ಬಿ, ಮೊಬೈಲಿನ ಫ್ಲಿಪ್ ಕವರ್, ಆಫೀಸಿನ ನೇಮ್ ಬ್ಯಾಡ್ಜ್, ಸೆರಗಿಗೋ ಹಿಜಾಬಿಗೋ ಸಿಕ್ಕಿಸುವ ಮ್ಯಾಗ್ನೆಟ್ ಪಿನ್ನು, ಎಲ್ಲ ಬೇಕು. ವಾಚಿನ ಒಳಗಿಗಿಂತ ಅದರ ಚಾರ್ಜರ್ ಬಿಲ್ಲೆಯಲ್ಲಿ, ಮ್ಯಾಗ್ನೆಟ್‌ನಿಂದ ಕಚ್ಚುವ ಪಟ್ಟಿಯಲ್ಲಿ ಬಲ ಹೆಚ್ಚು. ಬ್ಯಾಡ್ಜ್ ಕೂರುವುದು ಎಡ ಜೇಬಿನ ಮೇಲೆ. ಅದರ ಹಿಂದಿನ ಪಟ್ಟಿಯಲ್ಲಿ ಎರಡು ಮೂರು ನಿಯೋಡಿಮಿಯಂ ಬಿಲ್ಲೆಗಳಿರುತ್ತವೆ. ಅದನ್ನು ‘ಗ್ಯಾಜೆಟ್’ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಳೆಯಲು ದುಬಾರಿ ಮೀಟರ್ ಬೇಕಿಲ್ಲ. ದಿಕ್ಸೂಚಿಗಾಗಿ ಬಹುತೇಕ ಮೊಬೈಲ್‌ಗಳಲ್ಲಿ ಮ್ಯಾಗ್ನೆಟೋಮೀಟರ್ ಇದ್ದೇ ಇರುತ್ತದೆ. ಮೈಕ್ರೊಟೆಸ್ಲಾದಲ್ಲಿ ಅಂಕಿ ತೋರಿಸುವ ಉಚಿತ ಆ್ಯಪ್ ಹಾಕಿಕೊಂಡರೆ ಆಯಿತು. ಬೆನ್ನಲ್ಲಿ ಮ್ಯಾಗ್ನೆಟ್ ಇಲ್ಲದ ಫೋನ್ ಆರಿಸಿ, ಕವರ್ ತೆಗೆಯಿರಿ. ಮರದ ಮೇಜಿನ ಮೇಲಿಡಿ. ಕಬ್ಬಿಣದ ಮಂಚ, ಬೀರು ಹತ್ತಿರ ಇರಬಾರದು. ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿದರೆ ಸೆನ್ಸರ್ ಸರಿಹೋಗುತ್ತದೆ. ಬೆಂಗಳೂರು ಕಡೆ ಭೂಮಿಯ ಕ್ಷೇತ್ರ 40 ಮೈಕ್ರೊಟೆಸ್ಲಾ ಆಸುಪಾಸು. ಖಾಲಿ ಮೇಜಿನ ಮೇಲೇ ನೂರಿನ್ನೂರು ತೋರಿಸಿದರೆ ಹತ್ತಿರ ಎಲ್ಲೋ ಕಬ್ಬಿಣವೋ ಸ್ಪೀಕರೋ ಇದೆ, ಜಾಗ ಬದಲಿಸಿ.

ಮುಂದೆ ಸೆನ್ಸರ್ ಫೋನಿನ ಯಾವ ಮೂಲೆಯಲ್ಲಿದೆ ಎಂದು ಹುಡುಕಬೇಕು. ಇಯರ್‌ಬಡ್ ಒಂದನ್ನು ಫೋನಿನ ಮೇಲೆ ನಾಲ್ಕು ಬೆರಳಷ್ಟು ಎತ್ತರದಲ್ಲಿ ನಿಧಾನ ಸರಿಸಿ. ಅಂಕಿ ಎಲ್ಲಿ ಜಿಗಿಯುತ್ತದೋ ಅದೇ ಜಾಗ, ಪೆನ್ಸಿಲ್‌ನಿಂದ ಗುರುತು ಹಾಕಿ. ಗುರುತಿನಿಂದ ಮೇಜಿನ ಮೇಲೆ 30 ಸೆಂ.ಮೀ.ನ ಸ್ಕೇಲ್ ಇಟ್ಟು, ಪರೀಕ್ಷಿಸುವ ವಸ್ತುವನ್ನು ದೂರದ ತುದಿಯಿಂದ ಹತ್ತಿರಕ್ಕೆ ತನ್ನಿ. ಮೂರು ಅಕ್ಷಗಳ ಒಟ್ಟು ಅಂಕಿಯನ್ನೇ ಓದಿ. 1 ಮಿಲಿಟೆಸ್ಲಾ ಎಂದರೆ 1000 ಮೈಕ್ರೊಟೆಸ್ಲಾ. ನಾನು ಅರ್ಧಕ್ಕೇ ಗೆರೆ ಎಳೆಯುತ್ತೇನೆ. 500 ಮುಟ್ಟಿದ ದೂರವೇ ಆ ವಸ್ತುವಿನ ‘ಗಡಿ’. ವಸ್ತುವನ್ನು ತಿರುಗಿಸಿ ನಾಲ್ಕೂ ಮಗ್ಗುಲಲ್ಲಿ ನೋಡಿ, ಅತಿ ದೊಡ್ಡ ಗಡಿಯನ್ನು ಬರೆದಿಡಿ.

ಇಲ್ಲಿ ಎಡವುವುದು ಹೀಗೆ. ಒಂದು, ಫೋನಿಗೆ ತೀರಾ ಹತ್ತಿರ ಒಯ್ದರೆ ಸೆನ್ಸರ್ ತುಂಬಿ ಅಂಕಿ ನಿಂತುಬಿಡುತ್ತದೆ, ಆಮೇಲೆ ಖಾಲಿ ಮೇಜಿನಲ್ಲೂ ಸುಳ್ಳು ಹೇಳುತ್ತದೆ. ಎಂಟರ ಆಟ ಮತ್ತೆ ಆಡಿಸಬೇಕು. ಎರಡು, ಇದು ಸ್ಥಿರ ಮ್ಯಾಗ್ನೆಟ್ಟನ್ನು ಮಾತ್ರ ಅಳೆಯುತ್ತದೆ. ವೈರ್‌ಲೆಸ್ ಚಾರ್ಜರ್‌ನ ಕ್ಷೇತ್ರ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವುದು, ಅದು ಈ ಸೆನ್ಸರ್‌ಗೆ ಕಾಣುವುದೇ ಇಲ್ಲ. ಆ್ಯಪ್‌ನಲ್ಲಿ ಕಡಿಮೆ ಬಂತೆಂದು ಚಾರ್ಜರನ್ನು ದಿಂಬಿನ ಪಕ್ಕ ಇಡಬೇಡಿ. ಮೂರು, ಸೆನ್ಸರ್ ಫೋನಿನೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿರುತ್ತದೆ. ತೆಳ್ಳನೆಯ ವಯಸ್ಸಾದವರಲ್ಲಿ ಪೇಸ್‌ಮೇಕರ್ ಬರೀ ಚರ್ಮದಡಿಗೆ ಇರುತ್ತದೆ, ಅಂಚು ಕೈಗೆ ಸಿಗುತ್ತದೆ. ‘ಮೈಯೊಳಗಿದೆಯಲ್ಲ’ ಎಂದು ಅವರಿಗೆ ರಿಯಾಯಿತಿ ಕೊಡುವಂತಿಲ್ಲ.

ಸಮಾಧಾನದ ಮಾತೆಂದರೆ ಮ್ಯಾಗ್ನೆಟ್ಟಿನ ಬಲ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. 2 ಸೆಂ.ಮೀ.ನಲ್ಲಿ 1000 ಇದ್ದದ್ದು 4 ಸೆಂ.ಮೀ.ಗೆ ಸುಮಾರು 125. ಹಾಗಾಗಿ ಮುಂಗೈಯ ವಾಚು ಹೆಚ್ಚುಕಡಿಮೆ ಯಾವಾಗಲೂ ಪಾಸು. ಎಡಮಗ್ಗುಲ ಪೇಸ್‌ಮೇಕರ್ ಇದ್ದವರು ಬಲಗೈಗೆ ಕಟ್ಟಿ, ಮ್ಯಾಗ್ನೆಟ್ ಪಟ್ಟಿ ಬದಲು ಬಕಲ್ ಪಟ್ಟಿ ಹಾಕಿದರೆ ನಿದ್ದೆಯಲ್ಲಿ ಕೈ ಎದೆಯ ಮೇಲೆ ಬಿದ್ದರೂ ಅಪಾಯ ಕಡಿಮೆ. ಕಿವಿಯಲ್ಲಿರುವ ಇಯರ್‌ಬಡ್‌ಗೂ ತೊಂದರೆಯಿಲ್ಲ. ಅದೇ ಬಡ್ಡು ಡಬ್ಬಿಯೊಳಗೆ, ಡಬ್ಬಿ ಅಂಗಿಯ ಎಡ ಜೇಬಿನೊಳಗೆ ಹೋದಾಗ ಲೆಕ್ಕ ತಪ್ಪುತ್ತದೆ. ನೆಕ್‌ಬ್ಯಾಂಡ್ ಬಳಸುವವರು ಹಾಡು ಮುಗಿದ ಮೇಲೆ ಅದನ್ನು ಕೊರಳಲ್ಲಿ ಬಿಡದೆ ತೆಗೆದು ಪ್ಯಾಂಟಿನ ಜೇಬಿಗೋ ಚೀಲಕ್ಕೋ ಹಾಕಬೇಕು. ತೆಗೆಯುವ ಅಭ್ಯಾಸ ಬರುವುದಿಲ್ಲ ಎನ್ನುವವರಿಗೆ ಕಚ್ಚುವ ಮ್ಯಾಗ್ನೆಟ್ ಇಲ್ಲದ, ತಂತಿಯ ಹಳೇ ಇಯರ್‌ಫೋನೇ ವಾಸಿ ಎಂದರೆ ಅದೂ ಪೂರ್ತಿ ಸರಿಯಲ್ಲ: ಅದರ ಸ್ಪೀಕರ್‌ನಲ್ಲೂ ಪುಟ್ಟ ಮ್ಯಾಗ್ನೆಟ್ ಇದೆ. ಅಳೆದೇ ಹೇಳಬೇಕು.

ಕ್ಲಿನಿಕ್ಕಿನಲ್ಲಿ ಪೇಸ್‌ಮೇಕರ್ ಮೇಲೇ ಪರೀಕ್ಷಿಸುವುದಾದರೆ ಮೊದಲು ರೋಗಿ ಪೇಸಿಂಗ್ ಮೇಲೆ ಎಷ್ಟು ಅವಲಂಬಿತ ಎಂದು ನೋಡುತ್ತೇನೆ. ಪೇಸಿಂಗ್ ವೇಗವನ್ನು ಹಂತಹಂತವಾಗಿ ಇಳಿಸಿ ಸ್ವಂತ ಮಿಡಿತ ಬರುತ್ತದೆಯೇ ಗಮನಿಸಿ, ಮೊದಲಿದ್ದ ವೇಗಕ್ಕೆ ವಾಪಸ್ ತಂದು, ಪ್ರೋಗ್ರಾಮರ್‌ನ ಸೆಷನ್ ಮುಚ್ಚುತ್ತೇನೆ. ಈ ಮುಚ್ಚುವುದೇ ಮುಖ್ಯ. ಹಲವು ಮಾದರಿಗಳಲ್ಲಿ ಪ್ರೋಗ್ರಾಮರ್ ಜೊತೆ ಸಂಪರ್ಕ ತೆರೆದಿರುವಷ್ಟು ಹೊತ್ತೂ ಪೇಸ್‌ಮೇಕರ್ ಮ್ಯಾಗ್ನೆಟ್ಟಿಗೆ ಓಗೊಡುವುದಿಲ್ಲ. ಪರದೆ ನೋಡುತ್ತಲೇ ಇಯರ್‌ಬಡ್ ಡಬ್ಬಿಯನ್ನು ಎದೆಯ ಮೇಲಿಟ್ಟು ‘ಏನೂ ಆಗಲಿಲ್ಲ, ಸೇಫ್’ ಎಂದು ಕಳಿಸಿಬಿಟ್ಟರೆ ಅದು ಪರೀಕ್ಷೆಯೇ ಅಲ್ಲ. ಸೆಟ್ಟಿಂಗ್‌ನಲ್ಲಿ ಮ್ಯಾಗ್ನೆಟ್ ಪ್ರತಿಕ್ರಿಯೆಯನ್ನೇ ಆಫ್ ಮಾಡಿದ್ದರೂ ಇದೇ ಮೋಸ, ಅದನ್ನೂ ಮೊದಲೇ ಓದಿಕೊಳ್ಳಬೇಕು.

ಸೆಷನ್ ಮುಚ್ಚಿದ ಮೇಲೆ ಬರೀ ಇಸಿಜಿ ಓಡಿಸಿ, ವಸ್ತುವನ್ನು ಒಂದು ಗೇಣಿನಿಂದ ಹತ್ತಿರ ಹತ್ತಿರ ತಂದು ಒಂದೊಂದು ಜಾಗದಲ್ಲೂ ಹತ್ತು ಸೆಕೆಂಡ್ ಹಿಡಿಯುತ್ತೇನೆ. ಮ್ಯಾಗ್ನೆಟ್ ಹಿಡಿದರೆ ಕಾಗದದ ಮೇಲೆ ಕಣ್ಣಿಗೇ ಕಾಣುತ್ತದೆ. ಏರಿಳಿತವಿದ್ದ ಮಿಡಿತ ಇದ್ದಕ್ಕಿದ್ದಂತೆ ಸಮ ಅಂತರದ, ಮೆಡ್‌ಟ್ರಾನಿಕ್ ಆದರೆ 85ರ ವೇಗದ, ಮೊಳೆ ಹೊಡೆದಂಥ ಗೆರೆಗಳಾಗುತ್ತದೆ. ಸ್ವಂತ ಮಿಡಿತ ಅದಕ್ಕಿಂತ ವೇಗವಿದ್ದರೆ ಈ ಗೆರೆಗಳು ಅಡ್ಡಾದಿಡ್ಡಿ, ಒಮ್ಮೊಮ್ಮೆ ಟಿ ಅಲೆಯ (ಬಡಿದ ಮೇಲೆ ಹೃದಯ ಚೇತರಿಸಿಕೊಳ್ಳುವ ಹೊತ್ತಿನ ಅಲೆ) ಮೇಲೂ ಬೀಳುತ್ತವೆ. ಅಲ್ಲಿಗೆ ನಿಲ್ಲಿಸಿ ವಸ್ತು ತೆಗೆಯಬೇಕು, ಇನ್ನಷ್ಟು ಹತ್ತಿರ ಒಯ್ದು ನೋಡುವುದು ಬೇಡ. ಐಸಿಡಿ ಇದ್ದವರಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಪೇಸಿಂಗ್ ಬದಲಾಗುವುದಿಲ್ಲವಾದ್ದರಿಂದ ಇಸಿಜಿ ಏನೂ ಹೇಳುವುದಿಲ್ಲ. ಅವರಿಗೆ ಮೇಜಿನ ಮೇಲಿನ ಅಳತೆ ಮತ್ತು ಗೇಣಿನ ನಿಯಮ ಎರಡೇ. ಮನೆಯಲ್ಲಿ ಎದೆಯ ಮೇಲಿಟ್ಟು ನೋಡುವ ಪ್ರಯೋಗ ಇಬ್ಬರಿಗೂ ಬೇಡ.

ಕರೆಂಟಿನ ವಿಷಯಕ್ಕೆ ಬಂದರೆ, ಕೆಲವು ಸ್ಮಾರ್ಟ್ ವಾಚು ಮತ್ತು ತೂಕದ ಯಂತ್ರಗಳು ಕೊಬ್ಬಿನ ಪ್ರಮಾಣ ಅಳೆಯಲು ಮೈಯೊಳಗೆ ತೀರಾ ಸಣ್ಣ ಕರೆಂಟ್ ಹರಿಸುತ್ತವೆ. ವಾಚಿನ ಗುಂಡಿಗಳ ಮೇಲೆ ಇನ್ನೊಂದು ಕೈಯ ಎರಡು ಬೆರಳು ಇಡಿ ಅನ್ನುತ್ತದಲ್ಲ, ಆ ಸೌಲಭ್ಯ. ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕವೇ ದಾಟುತ್ತದೆ. 2023ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಂಡ ಕಂಪ್ಯೂಟರ್ ಮಾದರಿಯಲ್ಲೂ ಮೇಜಿನ ಮೇಲೂ ಪರೀಕ್ಷಿಸಿ, ಇದು ಹೃದಯದ ಉಪಕರಣದ ಸಂವೇದನೆಗೆ ಅಡ್ಡಬರಬಲ್ಲದು ಎಂದು ತೋರಿಸಿತು. ಸ್ಯಾಮ್‌ಸಂಗ್ ಕೂಡ ಪೇಸ್‌ಮೇಕರ್ ಇದ್ದವರು ಈ ಸೌಲಭ್ಯ ಬಳಸಬಾರದು ಎಂದೇ ಹೇಳುತ್ತದೆ. ವಾಚು ಬಿಸಾಕಬೇಕಿಲ್ಲ, ಆ ಒಂದು ಅಳತೆ ಮಾಡದಿದ್ದರೆ ಸಾಕು. ಉಸಿರಾಟದ ಲೆಕ್ಕದಲ್ಲಿ ವೇಗ ಏರಿಸುವ ಸೆನ್ಸರ್ ಇರುವ ಪೇಸ್‌ಮೇಕರ್‌ಗಳಲ್ಲಿ ಇನ್ನೂ ಒಂದು ತಮಾಷೆ ಇದೆ. ಹೊರಗಿನ ಇಂಥದೇ ಕರೆಂಟನ್ನು ಅವು ಏದುಸಿರು ಎಂದು ತಿಳಿದು, ಕುಳಿತಲ್ಲೇ ಕುಳಿತವರ ಮಿಡಿತವನ್ನು ಗರಿಷ್ಠ ಮಿತಿಗೆ ಏರಿಸಬಲ್ಲವು.

ಹೊಟ್ಟೆ ಕರಗಿಸುವ ಬೆಲ್ಟು, ಸ್ನಾಯು ಜುಂ ಎನಿಸುವ ಪ್ಯಾಡು, ನೋವಿಗೆ ಚರ್ಮದ ಮೇಲೆ ಕರೆಂಟ್ ಕೊಡುವ ಟೆನ್ಸ್ ಯಂತ್ರ, ಇವನ್ನು ನಾನು ಅಳೆಯುವುದೂ ಇಲ್ಲ, ಬೇಡ ಅನ್ನುತ್ತೇನೆ. ಆ ಮಿಡಿತಗಳನ್ನು ಪೇಸ್‌ಮೇಕರ್ ಹೃದಯದ್ದೇ ಎಂದು ನಂಬಿ ಸುಮ್ಮನಾದರೆ, ಪೇಸಿಂಗನ್ನೇ ಅವಲಂಬಿಸಿದವರು ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಐಸಿಡಿಯಾದರೆ ಅನಗತ್ಯವಾಗಿ ಶಾಕ್ ಕೊಡುತ್ತದೆ.

ಮೆದುಳಿನ ಹೆಚ್ಚುವರಿ ನೀರನ್ನು ಹೊರಹರಿಸಲು ತಲೆಯಲ್ಲಿ ಪ್ರೋಗ್ರಾಂ ಮಾಡುವ ಶಂಟ್ ಕವಾಟ ಇರುವವರಿಗೆ ರೇಡಿಯೊ ಯೋಚನೆಯೇ ಬೇಡ, ಮ್ಯಾಗ್ನೆಟ್ ಮಾತ್ರ. ಕವಾಟದ ಸೆಟ್ಟಿಂಗ್ ಬದಲಿಸುವುದೇ ಮ್ಯಾಗ್ನೆಟ್‌ನಿಂದ. ದೊಡ್ಡ ಹೆಡ್‌ಫೋನ್ ಕಿವಿಯ ಹಿಂದಿನ ಕವಾಟಕ್ಕೆ ಒತ್ತಿದರೆ ಸೆಟ್ಟಿಂಗ್ ಸರಿದುಬಿಡಬಹುದು. ಕನಿಷ್ಠ 2 ಇಂಚು ಅಂತರ, ಫೋನು ಕವಾಟವಿಲ್ಲದ ಕಡೆಯ ಕಿವಿಗೆ. ತಲೆನೋವು, ವಾಂತಿ, ಮಂಪರು ಶುರುವಾದರೆ ಕಾಯದೆ ನ್ಯೂರೋಸರ್ಜನ್ ಬಳಿ ಹೋಗಿ ಸೆಟ್ಟಿಂಗ್ ನೋಡಿಸಬೇಕು.

ಏನಾದರೂ ಆಯಿತು ಅನ್ನಿಸಿದಾಗ ತಾರೀಖು, ಗಂಟೆ, ನಿಮಿಷ, ಆಗ ಮೈಮೇಲೆ ಏನೇನಿತ್ತು ಎಂದು ಚೀಟಿಯಲ್ಲಿ ಬರೆದಿಡಿ. ಉಪಕರಣದೊಳಗೆ ‘ನಾಯ್ಸ್’ (ಹೊರಗಿನ ಅಡಚಣೆ) ಎಂದು ದಾಖಲಾದ ಘಟನೆಯೊಂದಿಗೆ ಅದನ್ನು ಹೋಲಿಸುತ್ತೇನೆ. ಹೋಲಿಸುವ ಮುಂಚೆ ಉಪಕರಣದ ಗಡಿಯಾರ ಸರಿಯಿದೆಯೇ ನೋಡಬೇಕು. ಪ್ರೋಗ್ರಾಮರ್‌ನ ಸಮಯವೇ ತಪ್ಪಿದ್ದರೆ ಎದೆಯೊಳಗಿನ ಗಡಿಯಾರವೂ ತಪ್ಪಿರುತ್ತದೆ. ಇನ್ನು ಐಸಿಡಿಯವರಿಗೆ: ಕೆಲವು ಕಂಪನಿಯವು ಮ್ಯಾಗ್ನೆಟ್ ತಾಗಿದ್ದೇ ಎದೆಯೊಳಗಿಂದ ಪೀಂ ಎನ್ನುತ್ತವೆ, ಕೆಲವು ಸುಮ್ಮನಿರುತ್ತವೆ. ಸದ್ದು ಕೇಳಿದರೆ ಫೋನು, ಬಡ್ಡು, ಬ್ಯಾಡ್ಜು ಎಲ್ಲ ತೆಗೆದು ಒಂದು ಮೊಳ ಆಚೆಗಿಡಿ. ನಿಂತರೆ ಕಾರಣ ಅದರಲ್ಲಿತ್ತು. ಎಲ್ಲ ತೆಗೆದ ಮೇಲೂ, ಅಥವಾ ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಸದ್ದು ಬಂದರೆ ಅದು ಬ್ಯಾಟರಿಯದೋ ಲೀಡಿನದೋ ಎಚ್ಚರಿಕೆ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ, ಡಿವೈಸ್ ಕಾರ್ಡ್ ಹಿಡಿದು ಅವತ್ತೇ ಬನ್ನಿ.