ಮೊಡವೆಗೆ ಗಿಡಮೂಲಿಕೆ: ಎಷ್ಟು, ಎಷ್ಟು ಹೊತ್ತು, ಯಾವುದು ಬೇಡ

ಗಿಡದ್ದು ತಾನೇ ಎಂದು ಗಟ್ಟಿಯಾಗಿ ಮೆತ್ತಿ, ರಾತ್ರಿಯಿಡೀ ಬಿಟ್ಟರೆ ಮೊಡವೆಗಿಂತ ದೊಡ್ಡ ತೊಂದರೆ ಅಂಟಿಕೊಳ್ಳುತ್ತದೆ. ಇಲ್ಲಿ ಮೂಲಿಕೆಯಷ್ಟೇ ಅಳತೆಯೂ ಮುಖ್ಯ.

ಮೊದಲು ಪರೀಕ್ಷೆ. ಹಚ್ಚಬೇಕೆಂದಿರುವುದನ್ನು ಮೊಣಕೈ ಒಳಮಡಿಕೆಯಲ್ಲಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆರಡು ಸಲ, ಒಂದು ವಾರ ಹಚ್ಚಿ. ಒಂದೇ ದಿನ ನೋಡಿ ಬಿಡಬೇಡಿ. ಅಲರ್ಜಿಯ ತುರಿಕೆ ಎರಡು-ಮೂರು ದಿನ ತಡವಾಗಿ ಏಳುವುದುಂಟು.

ಗಿಡಮೂಲಿಕೆಗಳಲ್ಲಿ ಹೆಚ್ಚು ಭರವಸೆ ಇಡಬಹುದಾದದ್ದು ಟೀ ಟ್ರೀ ಎಣ್ಣೆ, ಅಂದರೆ ಆಸ್ಟ್ರೇಲಿಯಾದ ಒಂದು ಗಿಡದ ಎಲೆಯಿಂದ ತೆಗೆದ ಎಣ್ಣೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 124 ಜನರ ಮೇಲೆ ಇದರ ಶೇ. 5ರ ಜೆಲ್ ಅನ್ನು ಮೊಡವೆಗೆ ಹಚ್ಚುವ ಔಷಧಿಯಾದ ಶೇ. 5ರ ಬೆಂಜಾಯಿಲ್ ಪೆರಾಕ್ಸೈಡ್ ಜತೆ ಹೋಲಿಸಿದರು. ಎರಡರಿಂದಲೂ ಮೊಡವೆ ಇಳಿಯಿತು; ಎಣ್ಣೆಯದು ನಿಧಾನ, ಆದರೆ ಉರಿ ಕಡಿಮೆ. ಸಿದ್ಧ ಜೆಲ್ ಸಿಕ್ಕರೆ ಅದೇ ಒಳ್ಳೆಯದು. ಮನೆಯಲ್ಲಾದರೆ 10 ಮಿ.ಲೀ. ಲೋಳೆಸರ ಜೆಲ್‌ಗೆ 10 ಹನಿ. ಎಣ್ಣೆ ಜೆಲ್‌ನಲ್ಲಿ ಕರಗದೆ ಬೇರೆ ನಿಲ್ಲುವುದರಿಂದ ಪ್ರತಿ ಸಲವೂ ಕದಡಿ, ಮೊಡವೆಯ ಮೇಲಷ್ಟೇ ತೆಳುವಾಗಿ ಹಚ್ಚಿ. ಗಾಳಿ-ಬೆಳಕಿಗೆ ಹಳತಾದ ಎಣ್ಣೆ ಅಲರ್ಜಿ ತರುತ್ತದೆ, ಎಸೆದುಬಿಡಿ. ಕುಡಿದರೆ ಇದು ವಿಷ.

ಲೋಳೆಸರದ ಎಲೆ ಕೊಯ್ದೊಡನೆ ಬಳಸಬಾರದು. ಕತ್ತರಿಸಿದ ತುದಿ ಕೆಳಗಾಗಿ 15 ನಿಮಿಷ ನಿಲ್ಲಿಸಿ, ಹಳದಿ ರಸ ಸೋರಿಹೋಗಲಿ. ಚರ್ಮ ಕೆರಳಿಸುವುದು ಅದೇ. ತೊಳೆದು, ಸಿಪ್ಪೆ ತೆಗೆದು, ತಿಳಿಯಾದ ತಿರುಳನ್ನು ಮಾತ್ರ ಬಳಸಿ.

ಅರಿಶಿನ ಕಾಲು ಚಮಚ, ಲೋಳೆಸರ ಎರಡು ಚಮಚ, ಹತ್ತು ನಿಮಿಷ ಸಾಕು. ಕೆಲವರಿಗೆ ಅರಿಶಿನವೇ ಆಗಿಬರುವುದಿಲ್ಲ. ಬೇವಿನೆಲೆಯ ಕಷಾಯ ಆರಿಸಿ ಮುಖ ತೊಳೆಯಬಹುದು, ಆದರೆ ಅಂದಿನದು ಅಂದೇ ಮುಗಿಯಲಿ. ಬೇವಿನೆಣ್ಣೆಯನ್ನು ಯಾರೂ ಕುಡಿಯಬಾರದು. ಮಕ್ಕಳಲ್ಲಿ ಅದು ಫಿಟ್ಸ್ ತರಿಸಿದೆ.

ನಿಂಬೆರಸ ಬೇಡವೇ ಬೇಡ. ಅದರ ಪಿಎಚ್ (ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 2, ಚರ್ಮದ್ದು 5ರ ಆಸುಪಾಸು. ನಿಂಬೆ ಜಾತಿಯ ರಸ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಅರೆದ ಹಸಿ ಬೆಳ್ಳುಳ್ಳಿಯೂ ಚರ್ಮ ಸುಡುತ್ತದೆ. ತೆಂಗಿನೆಣ್ಣೆ ರಂಧ್ರ ಮುಚ್ಚುತ್ತದೆ.

ಒಂದು ಸಲಕ್ಕೆ ಒಂದೇ ಹೊಸದು, ಆರರಿಂದ ಎಂಟು ವಾರ ಹಚ್ಚಿ ನೋಡಿ. ಅಡಾಪಲೀನ್‌ನಂಥ ಮೊಡವೆ ಔಷಧಿ ಹಚ್ಚುತ್ತಿದ್ದರೆ ಇವನ್ನೂ ಸೇರಿಸಬೇಡಿ, ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ನೋಯುವ ಆಳದ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ ದಿನ ದೂಡದೆ ಚರ್ಮವೈದ್ಯರ ಬಳಿ ಹೋಗಿ. ಬಿದ್ದ ಗುಳಿ ಯಾವ ಲೇಪಕ್ಕೂ ತುಂಬುವುದಿಲ್ಲ. ಎರಡೇ ದಿನದಲ್ಲಿ ಮುಖ ನುಣುಪಾಗಿಸುವ, ಲೇಬಲ್ಲಿಲ್ಲದ ‘ಗಿಡಮೂಲಿಕೆ’ ಕ್ರೀಮಿನಲ್ಲಿ ಸ್ಟೀರಾಯ್ಡ್ ಇರುವ ಸಂಶಯವಿದೆ; ನಿಲ್ಲಿಸಿದೊಡನೆ ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ.