ಮೊದಲು ಮರದ ಪಟ್ಟಿ, ಆಮೇಲೆ ಮನೆಯ ನಕ್ಷೆ

ಕಟ್ಟಡ ಕೆಡವಿದಾಗ ಸಿಗುವ ತೊಲೆ, ಜಂತೆ, ಚೌಕಟ್ಟುಗಳನ್ನು ಸೌದೆಗೆ ಹಾಕುವುದು ದೊಡ್ಡ ನಷ್ಟ. ಒಣಮರದ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲ. ಸುಟ್ಟರೆ ಪ್ರತಿ ಕಿಲೋ ಇಂಗಾಲದಿಂದ ಸುಮಾರು 3.67 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದೇ ತೊಲೆ ಇನ್ನೊಂದು ಚಾವಣಿ ಹೊತ್ತರೆ ಇಂಗಾಲ ಮರದಲ್ಲೇ ಉಳಿಯುತ್ತದೆ, ಹೊಸದಾಗಿ ಮರ ಕಡಿಯುವುದೂ ತಪ್ಪುತ್ತದೆ.

ಹೆಚ್ಚಿನವರು ಮೊದಲು ನಕ್ಷೆ ಬರೆಸಿ, ಆಮೇಲೆ ಅದಕ್ಕೆ ಹೊಂದುವ ಹಳೆಯ ಮರ ಹುಡುಕುತ್ತಾರೆ. ಅಳತೆ ಕೂಡದಿದ್ದಾಗ ಉದ್ದನೆಯ ತೊಲೆಗೆ ಗರಗಸ ಹಾಕುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ಸಿಕ್ಕ ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು ಉದ್ದ, ಅಗಲ, ದಪ್ಪ, ಮರದ ಜಾತಿ, ಹಳೆಯ ತೂತುಗಳಿರುವ ಜಾಗ ಬರೆದಿಡಿ. ವಾಸ್ತುಶಿಲ್ಪಿಯ ಮುಂದೆ ಮೊದಲು ಇಡಬೇಕಾದದ್ದು ಈ ಪಟ್ಟಿ. ನಾಲ್ಕು ಮೀಟರಿನ ತೊಲೆಗಳೇ ಹೆಚ್ಚಿದ್ದರೆ, ಗೋಡೆಯ ಮೇಲೆ ಕೂರುವ ತುದಿಗಳನ್ನು ಕಳೆದು ಕೋಣೆಯ ಅಗಲ ನಿರ್ಧರಿಸಲಿ.

ಮುಂದಿನದು ತಪಾಸಣೆ. ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಮೊದಲು ನೋಡಿ. ತೇವ ನಿಂತು ಕೊಳೆತಿರುವ ಸಾಧ್ಯತೆ ಅಲ್ಲೇ ಹೆಚ್ಚು. ಉಳಿಯ ಮೊನೆ ಸಲೀಸಾಗಿ ಇಳಿದರೆ ಆ ಭಾಗ ಕತ್ತರಿಸಿ ತೆಗೆಯಿರಿ. ಗುಂಡುಸೂಜಿ ಗಾತ್ರದ ರಂಧ್ರಗಳು ಕಂಡ ತಕ್ಷಣ ಹೆದರಬೇಕಿಲ್ಲ. ಹುಳು ಎಂದೋ ಹೊರಟುಹೋಗಿರಬಹುದು. ರಂಧ್ರದ ಕೆಳಗೆ ತಿಳಿಬಣ್ಣದ ಹೊಸ ಪುಡಿ ಉದುರುತ್ತಿದ್ದರೆ ಮಾತ್ರ ಒಳಗೆ ಹುಳು ಬದುಕಿರುವ ಗುಮಾನಿ. ಅಂಥ ಮರವನ್ನು ಬೇರೆಯಾಗಿಟ್ಟು ಶಾಖ ಕೊಡಿಸಬೇಕು. ಎಷ್ಟು ಶಾಖ ಎಂಬುದಕ್ಕೆ ಒಂದು ಅಳತೆಗೋಲು ಇದೆ: ಸರಕು ಸಾಗಿಸುವ ಮರದ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯ ನಿಯಮ ಹೇಳುವುದು ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕೆಂದು.

ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿದ ರೈಲ್ವೆ ಸ್ಲೀಪರ್, ಆರ್ಸೆನಿಕ್ ಬೆರೆತ ಸಂರಕ್ಷಕ ಹಾಕಿದ ಮರ ಎಷ್ಟೇ ಗಟ್ಟಿಯಾಗಿದ್ದರೂ ಮನೆಯೊಳಗೆ ಬೇಡ, ಒಲೆಗಂತೂ ಬೇಡವೇ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷಿಸದೆ ಮರಳು ಕಾಗದ ಹಿಡಿದು ಒಣಗಿದ್ದಂತೆಯೇ ಉಜ್ಜಬೇಡಿ. ಆ ಧೂಳು ಮಕ್ಕಳಿಗೆ ವಿಷ.

ಮೊಳೆಗಳನ್ನು ಕಿತ್ತ ಮೇಲೂ ಲೋಹ ಪತ್ತೆ ಸಾಧನವನ್ನು ಒಮ್ಮೆ ಆಡಿಸಿ. ಒಳಗೆ ಮುರಿದುಳಿದ ಒಂದು ಮೊಳೆ ಗರಗಸದ ಹಲ್ಲು ಹಾರಿಸಿ ಕೆಲಸಗಾರನ ಕಣ್ಣಿಗೇ ಅಪಾಯ ತರಬಲ್ಲದು. ಹಳೆಯ ಮರವಲ್ಲವೇ, ಒಣಗಿಯೇ ಇರುತ್ತದೆ ಎಂದುಕೊಳ್ಳುವುದೂ ತಪ್ಪು. ಬಯಲಲ್ಲಿ ಬಿದ್ದ ಮರ ನೀರು ಹೀರಿರುತ್ತದೆ. ನಡುವೆ ರೀಪು ಕೊಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ. ಒಳಾಂಗಣದ ಕೆಲಸಕ್ಕೆ, ಹವಾಮಾನಕ್ಕೆ ತಕ್ಕಂತೆ, ಸಾಮಾನ್ಯವಾಗಿ ಶೇ 8ರಿಂದ 12ರಷ್ಟು ತೇವಾಂಶ ಸರಿ. ಇದನ್ನು ಕಣ್ಣಂದಾಜಿಗೆ ಬಿಡದೆ ತೇವಾಂಶ ಮಾಪಕದಲ್ಲಿ ಅಳೆಯಿರಿ.

ಭಾರ ಹೊರುವ ಕೆಲಸಕ್ಕೆ ಎಂಜಿನಿಯರ್ ಒಪ್ಪಿಗೆ ಬೇಕೇ ಬೇಕು. ತೊಲೆಯ ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಭಾರಕ್ಕೆ ಮುರಿಯದೆ ನಿಲ್ಲುವ ಬಲ ಕಾಲು ಭಾಗಕ್ಕೆ, ಬಾಗದೆ ನಿಲ್ಲುವ ಬಿಗುವು ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಹಾಗಾಗಿ ‘ಸ್ವಲ್ಪ ಕೆತ್ತಿದರೆ ಕೂರುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ. ತೊಲೆಯ ನಡುಭಾಗದಲ್ಲಿ, ಕೆಳಮೈಯಲ್ಲಿ ಹಳೆಯ ತೂತು ಅಥವಾ ದೊಡ್ಡ ಗಂಟು ಇದ್ದರೆ ಅದು ಅತ್ಯಂತ ದುರ್ಬಲ ಜಾಗ. ಅನುಮಾನವಿರುವ ಮರ ಬಾಗಿಲು, ಕಪಾಟು, ಗೋಡೆಯ ಹಲಗೆಗಳಿಗೆ ಹೋಗಲಿ.

ಜೋಡಿಸುವಾಗ ಅಂಟಿಗಿಂತ ಬೋಲ್ಟ್, ಸ್ಕ್ರೂಗಳನ್ನೇ ಆರಿಸಿಕೊಳ್ಳಿ. ಅವುಗಳ ತಲೆ ಗಾರೆಯೊಳಗೆ ಮುಚ್ಚಿಹೋಗದಿರಲಿ. ಪ್ರತಿ ಜೋಡಣೆಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಮನೆಯ ಕಾಗದಪತ್ರಗಳ ಜೊತೆ ಇಡಿ. ಮುಂದೆ ಈ ಕಟ್ಟಡವನ್ನು ಬಿಚ್ಚುವವರು ತೊಲೆಯನ್ನು ಸೀಳದೆ ಇಳಿಸಬಹುದು.